ಬಣ್ಣದ ಗುತ್ತಿಗೆ ಮತ್ತು ಪರವಾನಗಿ: ಕರ್ನಾಟಕದ ಸ್ಥಿತಿಯ ಒಂದು ಸಮೀಕ್ಷೆ

ಕರ್ನಾಟಕದಲ್ಲಿ ಕಟ್ಟಡಗಳಿಗೆ ಬಣ್ಣ ಬಳಿಯುವ ಉದ್ಯಮವನ್ನು ವಾಣಿಜ್ಯ ಪ್ರಮಾಣದಲ್ಲಿ ಆರಂಭಿಸಲು ಯಾವ ಪರವಾನಗಿ ಬೇಕು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಬಣ್ಣ ಬಳಿಯುವ ಕಸುಬಿಗೆಂದೇ ಪರವಾನಗಿ ನೀಡುವ ಕಾನೂನಾಗಲಿ ಪ್ರಾಧಿಕಾರವಾಗಲಿ ರಾಜ್ಯದಲ್ಲಿಲ್ಲ; ಆದರೆ ಅದೇ ಕಸುಬನ್ನು ಒಂದು ವಿಳಾಸದಿಂದ, ಕೂಲಿಯಾಳುಗಳನ್ನಿಟ್ಟುಕೊಂಡು, ಬಿಲ್ಲು ಬರೆದುಕೊಟ್ಟು ನಡೆಸತೊಡಗಿದ ಕ್ಷಣದಿಂದ ಸ್ಥಳೀಯ ಸಂಸ್ಥೆ, ಕಾರ್ಮಿಕ ಇಲಾಖೆ, ತೆರಿಗೆ ಇಲಾಖೆ ಮತ್ತು ಕೆಲಸ ಕೊಡುವ ಸರ್ಕಾರಿ ಇಲಾಖೆಗಳು ಒಂದೊಂದಾಗಿ ತಮ್ಮ ಕಾಗದವನ್ನು ಕೇಳತೊಡಗುತ್ತವೆ. ವಾಣಿಜ್ಯ ಬಣ್ಣಗಾರಿಕೆ ಎಂದರೆ ಇಲ್ಲಿ ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ, ವಸತಿ ಸಮುಚ್ಚಯ ಮತ್ತು ಸರ್ಕಾರಿ ಕಟ್ಟಡಗಳ ಬಣ್ಣದ ಕೆಲಸವನ್ನು ಗುತ್ತಿಗೆ ಹಿಡಿದು ಮಾಡಿಸುವ ವ್ಯವಹಾರ. ಮನೆಯೊಂದಕ್ಕೆ ಹಬ್ಬದ ಮುಂಚೆ ಸುಣ್ಣವನ್ನೋ ಡಿಸ್ಟೆಂಪರನ್ನೋ ಹೊಡೆದುಕೊಟ್ಟು ದಿನಗೂಲಿ ಪಡೆಯುವ ಪೇಂಟರನ ದುಡಿಮೆ ಈ ಸಮೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಇಂದಿನ ಬಹುಪಾಲು ಗುತ್ತಿಗೆದಾರರು ಅಂಥ ಪೇಂಟರುಗಳಾಗಿಯೇ ಆರಂಭಿಸಿ, ಮೇಸ್ತ್ರಿಗಳಾಗಿ, ಆಮೇಲೆ ಕಾಂಟ್ರ್ಯಾಕ್ಟರುಗಳಾದವರು ಎಂಬುದನ್ನು ಮರೆಯುವಂತಿಲ್ಲ, ಏಕೆಂದರೆ ಕಾನೂನಿನ ತೊಡಕುಗಳೆಲ್ಲ ಈ ದಾಟುವಿಕೆಯ ಹಾದಿಯಲ್ಲೇ ಎದುರಾಗುತ್ತವೆ.

ಸಂವಿಧಾನದ 19ನೇ ವಿಧಿಯ 1ನೇ ಖಂಡದ ‘ಜಿ’ ಉಪಖಂಡವು ಯಾವುದೇ ವೃತ್ತಿ, ಕಸುಬು ಅಥವಾ ವ್ಯಾಪಾರ ನಡೆಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ನಾಗರಿಕನಿಗೆ ನೀಡಿದೆ. ಅದೇ ವಿಧಿಯ 6ನೇ ಖಂಡವು ಸಾರ್ವಜನಿಕ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹೇರಲು ಮತ್ತು ವೃತ್ತಿಯೊಂದಕ್ಕೆ ಬೇಕಾದ ತಾಂತ್ರಿಕ ಅರ್ಹತೆಯನ್ನು ಗೊತ್ತುಪಡಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಈ ಅಧಿಕಾರ ಕಟ್ಟಡ ಕೆಲಸದ ಎಲ್ಲ ಕಸುಬುಗಳ ಮೇಲೂ ಒಂದೇ ರೀತಿಯಲ್ಲಿ ಬಳಕೆಯಾಗಿಲ್ಲ. ವಿದ್ಯುತ್ ಅಳವಡಿಕೆಯ ಕೆಲಸ ಹಿಡಿಯುವ ಗುತ್ತಿಗೆದಾರನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದಿರಬೇಕು ಮತ್ತು ಅವನ ಕೈಕೆಳಗೆ ಪರ್ಮಿಟ್ ಇರುವ ವೈರ್‌ಮನ್‌ಗಳಿರಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ಕೊಳಾಯಿ ಸಂಪರ್ಕದ ಕೆಲಸಕ್ಕೆ ಮಂಡಳಿಯ ಪರವಾನಗಿ ಪಡೆದ ಪ್ಲಂಬರನೇ ಬೇಕು. ಅದೇ ಕಟ್ಟಡದ ಹೊರಗೋಡೆಗೆ ಹಗ್ಗದಲ್ಲಿ ಇಳಿಬಿದ್ದು ಬಣ್ಣ ಹೊಡೆಯುವವನನ್ನು ಮಾತ್ರ ಕಸುಬು ಬರುತ್ತದೆಯೇ ಎಂದು ಯಾವ ಇಲಾಖೆಯೂ ಕೇಳುವುದಿಲ್ಲ. ಔದ್ಯೋಗಿಕ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ‘ಪೇಂಟರ್ ಜನರಲ್’ ಎಂಬ 2 ವರ್ಷದ ತರಬೇತಿಯಿದೆ. ಅದರ ಪ್ರಮಾಣಪತ್ರ ನೌಕರಿಗೆ ಉಪಯೋಗಕ್ಕೆ ಬರುತ್ತದೆಯೇ ಹೊರತು ಗುತ್ತಿಗೆ ಹಿಡಿಯಲು ಅದು ಅಗತ್ಯವೂ ಅಲ್ಲ, ಅದಿದ್ದರೆ ವಿಶೇಷ ಹಕ್ಕೂ ಇಲ್ಲ.

ಇದಕ್ಕೆ ತೀರ ವಿರುದ್ಧವಾದ ಮಾದರಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ್ದು. ಅಲ್ಲಿನ ಗುತ್ತಿಗೆದಾರರ ಪರವಾನಗಿ ಮಂಡಳಿಯು ಬಣ್ಣ ಮತ್ತು ಅಲಂಕಾರದ ಕೆಲಸಕ್ಕೆಂದೇ ‘ಸಿ-33’ ಎಂಬ ಪ್ರತ್ಯೇಕ ವರ್ಗವನ್ನಿಟ್ಟಿದೆ. ಕಳೆದ 10 ವರ್ಷಗಳೊಳಗೆ ಕನಿಷ್ಠ 4 ವರ್ಷ ಪಳಗಿದ ಕೆಲಸಗಾರನಾಗಿಯೋ ಮೇಲ್ವಿಚಾರಕನಾಗಿಯೋ ದುಡಿದ ಅನುಭವ, ಕಾನೂನು ಹಾಗೂ ವ್ಯವಹಾರದ ಒಂದು ಪರೀಕ್ಷೆ, ಕಸುಬಿನ ಇನ್ನೊಂದು ಪರೀಕ್ಷೆ, 25,000 ಡಾಲರಿನ ಖಾತರಿ ಬಾಂಡು ಇವೆಲ್ಲವನ್ನೂ ಪೂರೈಸಿದವನಿಗೆ ಮಾತ್ರ ಪರವಾನಗಿ ದೊರೆಯುತ್ತದೆ. ಪರವಾನಗಿಯಿಲ್ಲದೆ ಮಾಡಬಹುದಾದ ಸಣ್ಣ ಕೆಲಸದ ಮಿತಿ ದೀರ್ಘಕಾಲ 500 ಡಾಲರು ಇದ್ದದ್ದು 2025ರ ಜನವರಿಯಿಂದ 1,000 ಡಾಲರಿಗೆ ಏರಿದೆ. ಆದರೆ ಅದೇ ದೇಶದ ಟೆಕ್ಸಾಸಿನಲ್ಲಿ ಪೇಂಟಿಂಗ್ ಗುತ್ತಿಗೆದಾರನಿಗೆ ರಾಜ್ಯ ಮಟ್ಟದ ಪರವಾನಗಿಯೇ ಇಲ್ಲ. ಶ್ರೀಮಂತ ದೇಶಗಳೆಲ್ಲ ಕಸುಬನ್ನು ಪರೀಕ್ಷಿಸಿಯೇ ಬಿಡುತ್ತವೆ, ಭಾರತ ಮಾತ್ರ ಕಣ್ಣುಮುಚ್ಚಿ ಕುಳಿತಿದೆ ಎಂಬ ಸಾಮಾನ್ಯ ಅಭಿಪ್ರಾಯ ಇದರಿಂದಲೇ ಬಿದ್ದುಹೋಗುತ್ತದೆ. ಕಸುಬನ್ನು ಪರೀಕ್ಷಿಸದಿರುವುದಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿಯೆಂದರೆ, ಕರ್ನಾಟಕದಲ್ಲಿ ಅನ್ವಯವಾಗುವ ಕಾನೂನುಗಳು ಬಣ್ಣದ ಕೆಲಸದಲ್ಲಿ ಅಳೆಯುವುದು ಏನನ್ನು ಎಂಬುದು.

ಮೊದಲು ಅಳೆಯುವುದು ಜಾಗವನ್ನು. ಏಕವ್ಯಕ್ತಿ ಮಾಲೀಕತ್ವದಲ್ಲಿ ಉದ್ಯಮ ನಡೆಸುವವನಿಗೆ ಸಂಸ್ಥೆಯ ಪ್ರತ್ಯೇಕ ನೋಂದಣಿ ಬೇಕಿಲ್ಲ, ಅವನ ಪ್ಯಾನ್ ಸಂಖ್ಯೆಯೇ ಉದ್ಯಮದ ಗುರುತಾಗುತ್ತದೆ. ಇಬ್ಬರು ಮೂವರು ಸೇರಿ ಪಾಲುದಾರಿಕೆ ಮಾಡಿಕೊಂಡರೆ 1932ರ ಪಾಲುದಾರಿಕೆ ಅಧಿನಿಯಮದಂತೆ ನೋಂದಣಿ ಐಚ್ಛಿಕವಾದರೂ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯು ಹಣ ಬಾಕಿಯಿಟ್ಟವರ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡುವಂತಿಲ್ಲವೆಂದು 69ನೇ ಕಲಮು ಹೇಳುವುದರಿಂದ, ಕೊನೆಯ ಕಂತಿನ ಬಿಲ್ಲು ತಿಂಗಳುಗಟ್ಟಲೆ ನಿಲ್ಲುವ ಈ ವ್ಯವಹಾರದಲ್ಲಿ ನೋಂದಣಿ ಮಾಡಿಸದಿರುವುದು ಜಾಣತನವಲ್ಲ. ಕಚೇರಿ ಅಥವಾ ಗೋದಾಮು ತೆರೆದ 30 ದಿನಗಳೊಳಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕೆಂಬುದು ನಡೆದುಬಂದ ನಿಯಮ, ಅದರ ಪ್ರಮಾಣಪತ್ರದ ಅವಧಿ 5 ವರ್ಷ. ಬ್ಯಾಂಕಿನಲ್ಲಿ ಸಂಸ್ಥೆಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ಹೋದಾಗ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದಾದ್ದರಿಂದ, ಕಾನೂನಿನ ಭಯಕ್ಕಿಂತ ಖಾತೆಯ ಅಗತ್ಯಕ್ಕಾಗಿಯೇ ಹೆಚ್ಚಿನವರು ಇದನ್ನು ಮಾಡಿಸುತ್ತಾರೆ. ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬುದು ಕನ್ನಡ ಭಾಷೆಯ ಅಭಿವೃದ್ಧಿಯ ಕಾನೂನಿಗೆ 2024ರಲ್ಲಾದ ತಿದ್ದುಪಡಿಯಿಂದ ಬಂದ ನಿಯಮ. ಅಂಗಡಿಗಳ ಬೋರ್ಡುಗಳನ್ನು ಬದಲಿಸಿದ ಆ ಕಾನೂನು ಬೋರ್ಡು ಬರೆಯುವವರಿಗೂ ಒಂದಿಷ್ಟು ಕೆಲಸ ಒದಗಿಸಿತೆನ್ನಬಹುದು.

ಪರವಾನಗಿ ಎಂಬ ಮಾತಿಗೆ ನಿಜವಾಗಿ ಒಪ್ಪುವ ಕಾಗದ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ. ನೋಂದಣಿಯೆಂದರೆ ಉದ್ಯಮವಿದೆಯೆಂದು ಸರ್ಕಾರಕ್ಕೆ ತಿಳಿಸಿ ಸಂಖ್ಯೆ ಪಡೆಯುವುದು. ಪರವಾನಗಿಯೆಂದರೆ ಅದಿಲ್ಲದೆ ಕೆಲಸವನ್ನೇ ಆರಂಭಿಸುವಂತಿಲ್ಲದ, ಷರತ್ತು ಮುರಿದರೆ ಹಿಂತೆಗೆದುಕೊಳ್ಳಬಹುದಾದ ಅನುಮತಿ. ಬೆಂಗಳೂರನ್ನು ಬಿಟ್ಟು ಇತರ ಮಹಾನಗರ ಪಾಲಿಕೆಗಳಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, ನಗರಸಭೆ ಪುರಸಭೆಗಳಲ್ಲಿ 1964ರ ಪೌರಸಭೆಗಳ ಅಧಿನಿಯಮ, ಹಳ್ಳಿಗಳಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಇದಕ್ಕೆ ಆಧಾರ. ಬೆಂಗಳೂರಿನಲ್ಲಿ ಒಂದೇ ಪಾಲಿಕೆಯಿದ್ದದ್ದು 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿರುವುದರಿಂದ ಕಚೇರಿ ಯಾವ ಪಾಲಿಕೆಯ ಗಡಿಯಲ್ಲಿದೆಯೋ ಅಲ್ಲಿಯೇ ಅರ್ಜಿ ಹಾಕಬೇಕಾಗುತ್ತದೆ. ಈ ಪರವಾನಗಿ ವ್ಯಕ್ತಿಗೆ ಸಿಗುವಂಥದ್ದಲ್ಲ, ಕಟ್ಟಡದ ಬಳಕೆಗೆ ಸಿಗುವಂಥದ್ದು: ಅಕ್ಕಪಕ್ಕದವರಿಗೆ ಬೆಂಕಿ, ಹೊಗೆ, ವಾಸನೆ, ಸದ್ದುಗಳ ತೊಂದರೆಯಾಗಬಾರದೆಂಬುದೇ ಅದರ ಮೂಲ ಉದ್ದೇಶ. ಹೀಗಾಗಿ ಒಂದು ಮೇಜು ಮತ್ತು ಫೋನಿಟ್ಟುಕೊಂಡ ಕಚೇರಿಗಿಂತ ಬಣ್ಣದ ಡಬ್ಬಿ, ಥಿನ್ನರ್, ಟರ್ಪೆಂಟೈನುಗಳನ್ನು ತುಂಬಿಟ್ಟ ಗೋದಾಮಿಗೆ ಇದು ಹೆಚ್ಚು ಪ್ರಸ್ತುತ.

ದ್ರಾವಕಗಳ ಸಂಗ್ರಹದ ಬಗ್ಗೆ ಇರುವ ಇನ್ನೊಂದು ಕಾನೂನು ಗುತ್ತಿಗೆದಾರರಲ್ಲಿ ಬಹುಮಟ್ಟಿಗೆ ಅಪರಿಚಿತವಾದದ್ದು. 1934ರ ಪೆಟ್ರೋಲಿಯಂ ಅಧಿನಿಯಮವು ದ್ರವ ಹೈಡ್ರೋಕಾರ್ಬನ್ನುಗಳನ್ನು ಮಾತ್ರವಲ್ಲದೆ ಅವು ಸೇರಿರುವ ಹೊತ್ತಿಕೊಳ್ಳುವ ಮಿಶ್ರಣಗಳನ್ನೂ ಪೆಟ್ರೋಲಿಯಂ ಎಂದೇ ಪರಿಗಣಿಸಿ, ಯಾವ ಉಷ್ಣತೆಯಲ್ಲಿ ಅವುಗಳ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆಂಬುದರ ಮೇಲೆ ವರ್ಗ ಮಾಡುತ್ತದೆ: 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ‘ಎ’ ವರ್ಗ, 23ರಿಂದ 65ರೊಳಗಿದ್ದರೆ ‘ಬಿ’ ವರ್ಗ. ಎನಾಮೆಲ್ ಬಣ್ಣಕ್ಕೆ ಬೆರೆಸುವ ಮಿನರಲ್ ಟರ್ಪೆಂಟೈನು ಎರಡನೆಯದಕ್ಕೆ ಸೇರುತ್ತದೆ. 1,000 ಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿಡದೆ ಒಂದೆಡೆ ಒಟ್ಟು 2,500 ಲೀಟರು ಮೀರದಿದ್ದರೆ ಅದಕ್ಕೆ ಪರವಾನಗಿ ಬೇಡ, ಹಾಗಾಗಿ ಸಾಮಾನ್ಯ ಗುತ್ತಿಗೆದಾರನಿಗೆ ಅದು ತಲೆನೋವಲ್ಲ. ಮರದ ಪಾಲಿಶ್ ಕೆಲಸಕ್ಕೆ ಬಳಸುವ, ಟೊಲ್ವಿನ್ ಬೆರೆತ ಎನ್‌ಸಿ ಥಿನ್ನರಿನ ಮಾತು ಬೇರೆ. ಅದು ‘ಎ’ ವರ್ಗಕ್ಕೆ ಸಲ್ಲುವಂಥದ್ದು, ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರು ಮಾತ್ರ. ದೊಡ್ಡ ಕಚೇರಿಯೊಂದರ ಒಳಾಂಗಣದ ಮರಗೆಲಸಕ್ಕೆ ಪಾಲಿಶ್ ಮಾಡುವವರು 20 ಲೀಟರಿನ ಎರಡು ಕ್ಯಾನು ತಂದಿಟ್ಟ ದಿನವೇ ಈ ಮಿತಿ ದಾಟಿರುತ್ತದೆ.

ಎರಡನೆಯದಾಗಿ ಕಾನೂನು ಅಳೆಯುವುದು ಹಣವನ್ನು, ಅಂದರೆ ವಹಿವಾಟನ್ನು. ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯಲ್ಲಿ ಸರಕು ಮಾರುವವನಿಗೆ ವಾರ್ಷಿಕ 40 ಲಕ್ಷ ರೂಪಾಯಿಯವರೆಗೆ, ಸೇವೆ ನೀಡುವವನಿಗೆ 20 ಲಕ್ಷ ರೂಪಾಯಿಯವರೆಗೆ ಕರ್ನಾಟಕದಲ್ಲಿ ನೋಂದಣಿ ಕಡ್ಡಾಯವಲ್ಲ. ಬಣ್ಣವನ್ನು ತಾನೇ ತಂದು ಗೋಡೆಗೆ ಹಚ್ಚಿಕೊಡುವ ಗುತ್ತಿಗೆಯಲ್ಲಿ ಸರಕೂ ಇದೆ, ಸೇವೆಯೂ ಇದೆ; ಸ್ಥಿರಾಸ್ತಿಯ ಮೇಲೆ ನಡೆಯುವ ಇಂಥ ಸಂಯುಕ್ತ ಕೆಲಸವನ್ನು ಕಾನೂನು ‘ಕಾಮಗಾರಿ ಗುತ್ತಿಗೆ’ ಎಂದು ಕರೆದು ಸೇವೆಯೆಂದೇ ತೀರ್ಮಾನಿಸಿರುವುದರಿಂದ, ಬಿಲ್ಲಿನ ಅರ್ಧದಷ್ಟು ಮೊತ್ತ ಬಣ್ಣದ ಡಬ್ಬಿಗಳದ್ದೇ ಆಗಿದ್ದರೂ ಮಿತಿ 20 ಲಕ್ಷವೇ. ತೆರಿಗೆಯ ದರ ಶೇ. 18. ಗುತ್ತಿಗೆದಾರನು ಬಣ್ಣ ಕೊಳ್ಳುವಾಗ ಕೊಡುವ ತೆರಿಗೆಯೂ ಅಷ್ಟೇ, 2018ರ ಜುಲೈಗೆ ಮುಂಚೆ ಅದು ಶೇ. 28 ಇತ್ತು.

ಈ ಗೆರೆಯನ್ನು ದಾಟುವುದರ ಪರಿಣಾಮ ಒಂದು ಉದಾಹರಣೆಯಿಂದ ತಿಳಿಯಾಗುತ್ತದೆ. ವಸತಿ ಸಮುಚ್ಚಯವೊಂದರ ಹೊರಗೋಡೆಯ ಕೆಲಸಕ್ಕೆ ತೆರಿಗೆ ಬಿಟ್ಟು 12 ಲಕ್ಷ ರೂಪಾಯಿಯ ಕೊಟೇಷನ್ ಇದೆಯೆಂದೂ, ಅದರಲ್ಲಿ 5 ಲಕ್ಷ ರೂಪಾಯಿ ಬಣ್ಣ, ಪ್ರೈಮರ್, ಪುಟ್ಟಿಗಳಿಗೆ ಹೋಗುತ್ತದೆಯೆಂದೂ ಇಟ್ಟುಕೊಳ್ಳಬಹುದು. ನೋಂದಣಿಯಿರುವ ಗುತ್ತಿಗೆದಾರನು 2.16 ಲಕ್ಷ ರೂಪಾಯಿ ತೆರಿಗೆ ಸೇರಿಸಿ 14.16 ಲಕ್ಷದ ಬಿಲ್ಲು ಕೊಡುತ್ತಾನೆ, ತಾನು ಬಣ್ಣದ ಮೇಲೆ ಈಗಾಗಲೇ ತೆತ್ತ 90,000 ರೂಪಾಯಿಯನ್ನು ಅದರಲ್ಲಿ ಜಮೆ ಹಿಡಿದುಕೊಳ್ಳುತ್ತಾನೆ. ನೋಂದಣಿಯಿಲ್ಲದವನು ಆ 90,000ವನ್ನು ತನ್ನ ವೆಚ್ಚವೆಂದು ಸೇರಿಸಿದರೂ 12.9 ಲಕ್ಷಕ್ಕೆ ಕೆಲಸ ಮುಗಿಸಬಲ್ಲನು. ತೆರಿಗೆಯ ಜಮೆ ಪಡೆಯಲಾಗದ ನಿವಾಸಿಗಳ ಸಂಘಕ್ಕೆ 1.26 ಲಕ್ಷದ ಈ ಅಂತರ ಎದ್ದು ಕಾಣುತ್ತದೆ. ಕಾರ್ಖಾನೆಗೋ ಸಾಫ್ಟ್‌ವೇರ್ ಕಂಪನಿಗೋ, ದುರಸ್ತಿಯ ವೆಚ್ಚವೆಂದು ಬರೆದುಕೊಂಡ ಬಣ್ಣದ ಕೆಲಸದ ತೆರಿಗೆಯನ್ನು ಜಮೆ ಮಾಡಿಕೊಳ್ಳಬಹುದಾದ್ದರಿಂದ, ನೋಂದಣಿಯಿಲ್ಲದ ಗುತ್ತಿಗೆದಾರನೇ ಬೇಡವಾಗುತ್ತಾನೆ. ಹೀಗೆ ಒಂದೇ ಕಸುಬಿನಲ್ಲಿ ಎರಡು ಮಾರುಕಟ್ಟೆಗಳು ಏರ್ಪಟ್ಟಿವೆ. ಮೇಲಿನಂಥ ಎರಡು ಕೆಲಸ ಹಿಡಿದರೆ ವರ್ಷದ ವಹಿವಾಟು 24 ಲಕ್ಷವಾಗಿ ಮಿತಿ ಮುರಿಯುತ್ತದೆ. ಅದೇ ಕೆಲಸಗಳನ್ನು ‘ಲೇಬರ್ ಮಾತ್ರ’ ಲೆಕ್ಕದಲ್ಲಿ, ಬಣ್ಣವನ್ನು ಮಾಲೀಕರೇ ತರುವ ಕರಾರಿನಲ್ಲಿ ಹಿಡಿದರೆ ವಹಿವಾಟು 14 ಲಕ್ಷದಲ್ಲೇ ನಿಲ್ಲುತ್ತದೆ. ಲೇಬರ್ ಗುತ್ತಿಗೆಯ ಪದ್ಧತಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಮೇಸ್ತ್ರಿಗಳ ಬಳಿ ಬಂಡವಾಳವಿಲ್ಲ ಎಂಬುದಷ್ಟೇ ಕಾರಣವೆನ್ನುವುದು ಅರ್ಧ ಸತ್ಯ. ವಹಿವಾಟು 50 ಲಕ್ಷ ಮೀರದ ಸೇವಾದಾರರಿಗೆ ಶೇ. 6ರ ರಾಜಿ ತೆರಿಗೆಯ ಪದ್ಧತಿಯೂ ಇದೆ. ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಬಣ್ಣದ ಮೇಲಿನ ತೆರಿಗೆಯ ಜಮೆಯೂ ಸಿಗುವುದಿಲ್ಲ.

ವೃತ್ತಿ ತೆರಿಗೆ ಮತ್ತು ಉದ್ಯಮ್ ನೋಂದಣಿಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊದಲನೆಯದು 1976ರ ರಾಜ್ಯ ಕಾನೂನಿನದು, ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಗರಿಷ್ಠ ಮಿತಿ ಹಾಕಿದೆ. ಎರಡನೆಯದು 2020ರ ಜುಲೈ 1ರಿಂದ ಜಾರಿಗೆ ಬಂದ, ಶುಲ್ಕವಿಲ್ಲದ ಆನ್‌ಲೈನ್ ನೋಂದಣಿ. ಅದನ್ನು ಮಾಡಿಸಿಕೊಡಲು ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಕಾದದ್ದೇನೂ ಇಲ್ಲ. ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂಬ 2006ರ ಕಾನೂನಿನ ರಕ್ಷಣೆ ಈ ನೋಂದಣಿಯ ದೊಡ್ಡ ಆಕರ್ಷಣೆಯಾದರೂ, ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುವುದಿಲ್ಲವೆಂದು ಮುಂಬೈ ಹೈಕೋರ್ಟ್ ಸೇರಿದಂತೆ ಕೆಲವು ನ್ಯಾಯಾಲಯಗಳು ತೀರ್ಪು ನೀಡಿರುವುದನ್ನು ಬಣ್ಣದ ಗುತ್ತಿಗೆದಾರ ತಿಳಿದಿರುವುದು ಒಳ್ಳೆಯದು.

ಮೂರನೆಯ ಅಳತೆ ತಲೆಗಳ ಎಣಿಕೆ, ಇಡೀ ವ್ಯವಸ್ಥೆಯ ದೌರ್ಬಲ್ಯ ಕಾಣುವುದು ಇಲ್ಲಿಯೇ. ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, 10 ಮಂದಿ ನೌಕರರಿದ್ದಲ್ಲಿ ಅನ್ವಯವಾಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರ ಪರವಾಗಿ ಮಾಲೀಕನು ಶೇ. 3.25ರಷ್ಟು, ನೌಕರನು ಶೇ. 0.75ರಷ್ಟು ಕಟ್ಟಬೇಕು. ಭವಿಷ್ಯನಿಧಿಗೆ 20 ಮಂದಿಯ ಗೆರೆ. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯು ಹೊಸ ನಿರ್ಮಾಣವನ್ನಷ್ಟೇ ಅಲ್ಲದೆ ದುರಸ್ತಿ ಮತ್ತು ನಿರ್ವಹಣೆಯ ಕೆಲಸವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡು, ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 10 ಮಂದಿ ಕಾರ್ಮಿಕರನ್ನು ದುಡಿಸಿದ್ದ ಸಂಸ್ಥೆ ಕಾಯ್ದೆ ತನಗೆ ಅನ್ವಯವಾದ ದಿನದಿಂದ 60 ದಿನಗಳೊಳಗೆ ನೋಂದಣಿ ಮಾಡಿಸಬೇಕೆಂದು ವಿಧಿಸಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಡಿ 20 ಮಂದಿಯನ್ನು ಒದಗಿಸುವ ಗುತ್ತಿಗೆದಾರನು ಪರವಾನಗಿ ಪಡೆಯಬೇಕಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಕೊನೆಯ ಎರಡು ಕಾಯ್ದೆಗಳ ವಿಷಯ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿದೆ. ನೋಂದಣಿಯ ಗೆರೆ 10ರಲ್ಲೇ ಉಳಿದಿದ್ದರೆ, ಗುತ್ತಿಗೆದಾರನ ಪರವಾನಗಿಯ ಗೆರೆ 20ರಿಂದ 50ಕ್ಕೆ ಏರಿದೆ. ಒಂದೇ ಸಲಕ್ಕೆ 50 ಮಂದಿಯನ್ನು ದುಡಿಸುವ ಬಣ್ಣದ ಗುತ್ತಿಗೆದಾರರು ಎಲ್ಲೋ ಕೆಲವರು ಮಾತ್ರ. ಬೇರೆ ಮಾತಿನಲ್ಲಿ ಹೇಳುವುದಾದರೆ, ಈ ಉದ್ಯಮದಲ್ಲಿದ್ದ ಕಾರ್ಮಿಕ ಪರವಾನಗಿಯೂ ಬಹುತೇಕರ ಪಾಲಿಗೆ ಇಲ್ಲದಂತಾಗಿದೆ.

ಬಣ್ಣದ ಕೆಲಸದಲ್ಲಿ ತಲೆ ಎಣಿಸುವುದು ಸುಲಭವೂ ಅಲ್ಲ. ಯುಗಾದಿ, ದಸರಾ, ದೀಪಾವಳಿಗಳ ಮುಂಚೆ ಆಳುಗಳ ಸಂಖ್ಯೆ ಏರಿ ಮಳೆಗಾಲದಲ್ಲಿ ಇಳಿಯುತ್ತದೆ. ಒಬ್ಬ ಗುತ್ತಿಗೆದಾರನ ಮೂರು ಸೈಟುಗಳಲ್ಲಿ ಮೂವರು ಮೇಸ್ತ್ರಿಗಳು ತಲಾ ಐದಾರು ಮಂದಿಯನ್ನು ಕರೆತಂದಿರುತ್ತಾರೆ, ಆ ಐದಾರು ಮಂದಿಗೆ ಬಟವಾಡೆ ಮಾಡುವವನು ಮೇಸ್ತ್ರಿ. ಹಾಜರಿ ಪುಸ್ತಕವೆಂಬುದು ಮೇಸ್ತ್ರಿಯ ಜೇಬಿನ ಡೈರಿ. ಯಾರು ಯಾರ ನೌಕರ ಎಂಬ ಪ್ರಶ್ನೆಗೆ ಅಪಘಾತವಾಗುವವರೆಗೆ ಯಾರೂ ಉತ್ತರ ಹುಡುಕುವುದಿಲ್ಲ. ಒಂಬತ್ತು ಮಂದಿಯ ತಂಡ ಹೊರಗೋಡೆಗೆ ಹಗ್ಗ, ಹಲಗೆಗಳ ಜೂಲಾ ಕಟ್ಟಿ ಹತ್ತನೆಯ ಮಹಡಿಯಿಂದ ಇಳಿಯುತ್ತ ರೋಲರ್ ಓಡಿಸುತ್ತಿದ್ದರೆ, ಆ ತಂಡದ ಒಡೆಯನಿಗೆ ಸಂಹಿತೆಯಡಿ ನೋಂದಣಿಯ ಹೊಣೆಯಿಲ್ಲ. ಹತ್ತು ಮಂದಿ ನೆಲದ ಮೇಲೆ ನಿಂತು ಒಂದಂತಸ್ತಿನ ಶಾಲೆಯ ಕೋಣೆಗಳಿಗೆ ಪ್ರೈಮರ್ ಹೊಡೆಯುತ್ತಿದ್ದರೆ ಹೊಣೆಯಿದೆ. ಅಪಾಯ ಇರುವುದು ಎತ್ತರದಲ್ಲಿ, ಕಾನೂನು ಎಣಿಸುವುದು ಜನರನ್ನು.

ಎತ್ತರವನ್ನು ಲೆಕ್ಕಕ್ಕೆ ತಂದುಕೊಂಡ ಕಾನೂನು ಭಾರತದಲ್ಲಿ ಇಲ್ಲವೆಂದಲ್ಲ. 1923ರಷ್ಟು ಹಿಂದಿನ ಕಾರ್ಮಿಕರ ಪರಿಹಾರ ಅಧಿನಿಯಮದ ಎರಡನೇ ಅನುಸೂಚಿಯು ಒಂದಂತಸ್ತಿಗಿಂತ ಹೆಚ್ಚಿನ, ಅಥವಾ ನೆಲದಿಂದ ಛಾವಣಿಯ ತುದಿಯವರೆಗೆ 12 ಅಡಿ ಇಲ್ಲವೇ ಹೆಚ್ಚು ಎತ್ತರವಿರುವ ಕಟ್ಟಡದ ನಿರ್ಮಾಣ, ನಿರ್ವಹಣೆ, ದುರಸ್ತಿಗಳಲ್ಲಿ ತೊಡಗಿದವರನ್ನು ಪರಿಹಾರಕ್ಕೆ ಅರ್ಹರೆಂದು ಹೆಸರಿಸಿತ್ತು. ಎಷ್ಟು ಮಂದಿ ಎಂಬ ಷರತ್ತು ಅದಕ್ಕಿರಲಿಲ್ಲ. ಇಎಸ್‌ಐಗೆ ಒಳಪಡದ ಕಾರ್ಮಿಕನೊಬ್ಬ ಬಿದ್ದು ಸತ್ತರೆ, ಅವನ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಪರಿಹಾರ ನಿರ್ಧರಿಸಲಾಗುತ್ತದೆ. 2020ರಿಂದ ಲೆಕ್ಕಕ್ಕೆ ಹಿಡಿದುಬಂದಿರುವ 15,000 ರೂಪಾಯಿಯ ವೇತನ ಮಿತಿಯಂತೆ, 207.98 ಗುಣಕವಿರುವ 30 ವರ್ಷದ ಪೇಂಟರನ ಕುಟುಂಬಕ್ಕೆ ಸಲ್ಲುವ ಮೊತ್ತ 15,59,850 ರೂಪಾಯಿ. ತನ್ನ ಉದ್ಯಮದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನಿಂದಲೂ ಈ ಹಣ ವಸೂಲಿ ಮಾಡಬಹುದಾದ್ದರಿಂದ, ಬಿಲ್ಡರುಗಳೂ ಕಂಪನಿಗಳೂ ಕೆಲಸದ ಆದೇಶ ಕೊಡುವ ಮುಂಚೆ ‘ಡಬ್ಲ್ಯೂಸಿ ಪಾಲಿಸಿ’ ಎಂದು ಕರೆಯಲ್ಪಡುವ ಕಾರ್ಮಿಕ ಪರಿಹಾರ ವಿಮೆಯ ಪ್ರತಿಯನ್ನು ಕೇಳುತ್ತಾರೆ. ಬಿದ್ದ ಮೇಲೆ ಹಣ ಕೊಡಿಸುವ ಕಾನೂನಿಗೆ ನೂರು ವರ್ಷಗಳಿಂದ ಗೊತ್ತಿರುವ ಎತ್ತರದ ಲೆಕ್ಕ, ಕೆಲಸಕ್ಕೆ ಅನುಮತಿ ಕೊಡುವ ಕಾನೂನುಗಳಿಗೆ ಇನ್ನೂ ಗೊತ್ತಾಗಿಲ್ಲವೆಂಬುದು ಈ ಕ್ಷೇತ್ರದ ಅತಿ ದೊಡ್ಡ ವೈಪರೀತ್ಯ.

ಕಾರ್ಮಿಕರ ಕಡೆಯಿಂದ ನೋಡಿದರೆ ಇರುವ ಮುಖ್ಯ ಗುರುತಿನ ಕಾಗದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪೇಂಟರನಿಗೆ ಅದು ದೊರೆಯುತ್ತದೆ. ಮಂಡಳಿಯ ನಿಧಿ ಬರುವುದು ನಿರ್ಮಾಣ ವೆಚ್ಚದ ಮೇಲೆ ವಸೂಲಾಗುವ ಶೇ. 1ರ ಸೆಸ್ಸಿನಿಂದ. ಮಕ್ಕಳ ಶಿಕ್ಷಣ, ಮದುವೆ, ವೈದ್ಯಕೀಯ ನೆರವುಗಳಿಗೆ ಈ ಕಾರ್ಡು ದಾರಿಮಾಡಿಕೊಡುತ್ತದೆ, ಕಸುಬಿನ ಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸರ್ಕಾರಿ ಕಟ್ಟಡಗಳ ಬಣ್ಣದ ಕೆಲಸ ಹಿಡಿಯಬೇಕೆಂದವನಿಗೆ ಇನ್ನೊಂದು ಬಾಗಿಲಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರನ್ನು ಆರ್ಥಿಕ ಸಾಮರ್ಥ್ಯ ಮತ್ತು ಹಿಂದಿನ ಕಾಮಗಾರಿಗಳ ಆಧಾರದಲ್ಲಿ ನಾಲ್ಕು ದರ್ಜೆಗಳಲ್ಲಿ ನೋಂದಾಯಿಸಲಾಗುತ್ತದೆ, ದರ್ಜೆಗೆ ತಕ್ಕಂತೆ ಹಿಡಿಯಬಹುದಾದ ಕಾಮಗಾರಿಯ ಮೊತ್ತಕ್ಕೆ ಮಿತಿಯಿರುತ್ತದೆ. ಟೆಂಡರುಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ನಡೆಯುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಗುತ್ತಿಗೆದಾರರಿಗೆ ಇರುವ ಮೀಸಲಾತಿಯು ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗೆ ಸೀಮಿತವಾಗಿದ್ದು 2023ರಲ್ಲಿ 1 ಕೋಟಿಯವರೆಗೆ ವಿಸ್ತರಣೆಯಾಯಿತು, ಸಣ್ಣ ಬಣ್ಣದ ಕಾಮಗಾರಿಗಳು ಬಹುಪಾಲು ಈ ಮಿತಿಯೊಳಗೇ ಬರುತ್ತವೆ. ಆದರೆ ಹೊಸ ಕಟ್ಟಡದ ಬಣ್ಣ ಸಿವಿಲ್ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕೊನೆಯ ಕೆಲವು ಸಾಲುಗಳಾಗಿ ಸೇರಿಹೋಗಿರುತ್ತದೆ. ಟೆಂಡರು ಸಿಗುವುದು ಸಿವಿಲ್ ಗುತ್ತಿಗೆದಾರನಿಗೆ, ಬಣ್ಣ ಹೊಡೆಯುವುದು ಅವನಿಂದ ಬಾಯಿಮಾತಿನಲ್ಲಿ ಒಳಗುತ್ತಿಗೆ ಪಡೆದ ಮೇಸ್ತ್ರಿ. ಹತ್ತು ವರ್ಷ ಸರ್ಕಾರಿ ಶಾಲೆ ಆಸ್ಪತ್ರೆಗಳಿಗೆ ಬಣ್ಣ ಹೊಡೆದ ಮೇಸ್ತ್ರಿಯ ಕೈಯಲ್ಲಿ ಅದನ್ನು ರುಜುಪಡಿಸುವ ಒಂದು ಅನುಭವ ಪತ್ರವೂ ಇರುವುದಿಲ್ಲ. ಪತ್ರವಿಲ್ಲದ್ದರಿಂದ ದರ್ಜೆ ಸಿಗುವುದಿಲ್ಲ, ದರ್ಜೆಯಿಲ್ಲದ್ದರಿಂದ ಪತ್ರ ಸಿಗುವುದಿಲ್ಲ. ಕೆಲಸ ಸಿಕ್ಕವನಿಗೂ ಕೈಗೆ ಬರುವ ಹಣ ಬಿಲ್ಲಿನಷ್ಟಿರುವುದಿಲ್ಲ. ತೆರಿಗೆ ಬಿಟ್ಟು 10 ಲಕ್ಷ ರೂಪಾಯಿಯ ಕಾಮಗಾರಿಯಲ್ಲಿ ಜಿಎಸ್‌ಟಿಯ ಮೂಲದಲ್ಲೇ ಕಡಿತ ಶೇ. 2ರಂತೆ 20,000, ಏಕವ್ಯಕ್ತಿ ಗುತ್ತಿಗೆದಾರನ ಆದಾಯ ತೆರಿಗೆಯ ಕಡಿತ ಶೇ. 1ರಂತೆ 10,000, ಕಾರ್ಮಿಕ ಸೆಸ್ಸು ಇನ್ನೊಂದು 10,000 ರೂಪಾಯಿ ಖಜಾನೆಯಲ್ಲೇ ಉಳಿಯುತ್ತವೆ; ಭದ್ರತಾ ಠೇವಣಿ ಇದರ ಮೇಲಿನ ಮಾತು. ಮೊದಲೆರಡು ಲೆಕ್ಕಪತ್ರ ಸರಿಯಿದ್ದವನಿಗೆ ಮುಂದೆ ಜಮೆಯಾಗುತ್ತವೆ, ಲೆಕ್ಕಪತ್ರವಿಡದವನಿಗೆ ಅವು ನಷ್ಟವೇ.

ಕಟ್ಟಡದ ಸ್ಥಳಕ್ಕೆ ಹೋಗಿ ಬಣ್ಣ ಹೊಡೆಯುವ ಬದಲು ಸ್ಪ್ರೇ ಬೂತ್ ಇಟ್ಟುಕೊಂಡು ವಾಹನ, ಲೋಹದ ಬಿಡಿಭಾಗ, ಪೀಠೋಪಕರಣಗಳಿಗೆ ಬಣ್ಣ ಹಾಕುವ ವರ್ಕ್‌ಶಾಪಿನ ದಾರಿ ಇದಕ್ಕಿಂತ ಭಿನ್ನ. ಅಲ್ಲಿ 1974ರ ಜಲ ಮತ್ತು 1981ರ ವಾಯು ಮಾಲಿನ್ಯ ನಿಯಂತ್ರಣ ಕಾನೂನುಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 2016ರ ವರ್ಗೀಕರಣದಲ್ಲಿ ವಾಹನಗಳ ದುರಸ್ತಿ ಮತ್ತು ಬಣ್ಣದ ಘಟಕಗಳು ಮಧ್ಯಮ ಮಾಲಿನ್ಯದ ಕಿತ್ತಳೆ ವರ್ಗಕ್ಕೆ ಸೇರಿದ್ದವು.

ಬಣ್ಣದಲ್ಲಿನ ಸೀಸದ ವಿಷಯದಲ್ಲಿ ಭಾರತದ ಕಾನೂನು ಡಬ್ಬಿಯ ಬಳಿಯೇ ನಿಂತಿದೆ. 2016ರ ನಿಯಮಗಳ ಪ್ರಕಾರ 2017ರ ನವೆಂಬರ್ 1ರಿಂದ ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರುವಂತಿಲ್ಲ. ಸೀಸದ ವಿಷದ ಬಗ್ಗೆ ದೇಶದ ಗಮನ ಸೆಳೆಯುವಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರ ಪಾತ್ರ ದೊಡ್ಡದು. ಆದರೆ ಈ ನಿಯಮದ ಹೊಣೆ ತಯಾರಕರದ್ದು. ಅದಕ್ಕೂ ಮುಂಚೆ ಬಳಿದ ಎನಾಮೆಲನ್ನು ಎಮರಿ ಪೇಪರಿನಿಂದ ಉಜ್ಜಿ ಧೂಳೆಬ್ಬಿಸುವ ಗುತ್ತಿಗೆದಾರನ ಮೇಲೆ ಯಾವ ಹೊಣೆಯೂ ಇಲ್ಲ. ಅಮೆರಿಕದಲ್ಲಿ 2010ರ ಏಪ್ರಿಲ್‌ನಿಂದ, 1978ಕ್ಕಿಂತ ಮುಂಚಿನ ಮನೆಗಳಲ್ಲೂ ಪುಟ್ಟ ಮಕ್ಕಳಿರುವ ಕಟ್ಟಡಗಳಲ್ಲೂ ಒಳಗೋಡೆಯಲ್ಲಿ ಕೋಣೆಯೊಂದಕ್ಕೆ 6 ಚದರಡಿ, ಹೊರಗೋಡೆಯಲ್ಲಿ 20 ಚದರಡಿ ಮೀರಿ ಹಳೆಯ ಬಣ್ಣ ಕೆದಕಬೇಕಾದರೆ ಸಂಸ್ಥೆಗೆ ಪರಿಸರ ಸಂರಕ್ಷಣಾ ಏಜೆನ್ಸಿಯ ಪ್ರಮಾಣೀಕರಣ ಬೇಕು, ಪರವಾನಗಿಯೇ ಕೇಳದ ಟೆಕ್ಸಾಸಿಗೂ ಈ ನಿಯಮ ಅನ್ವಯ. ಕಸುಬನ್ನೆಲ್ಲ ನಿಯಂತ್ರಿಸದೆ ಅದರ ಅಪಾಯಕಾರಿ ಭಾಗವೊಂದನ್ನು ಮಾತ್ರ ಹಿಡಿದು ನಿಯಂತ್ರಿಸುವ ಈ ವಿಧಾನ ಕರ್ನಾಟಕದ ಸಂದರ್ಭಕ್ಕೆ ಕ್ಯಾಲಿಫೋರ್ನಿಯಾದ ಪರೀಕ್ಷೆಗಳಿಗಿಂತ ಹೆಚ್ಚು ಕಲಿಸಬಲ್ಲದು.

ಕಾನೂನು ಖಾಲಿ ಬಿಟ್ಟ ಜಾಗವನ್ನು ಈ ನಡುವೆ ಬಣ್ಣದ ಕಂಪನಿಗಳು ತುಂಬತೊಡಗಿವೆ. ಡಬ್ಬಿಯೊಳಗಿನ ಟೋಕನ್ನನ್ನೋ ಕ್ಯೂಆರ್ ಕೋಡನ್ನೋ ಆ್ಯಪಿನಲ್ಲಿ ದಾಖಲಿಸಿ ಅಂಕ ಪಡೆಯುವ ಪೇಂಟರನ ಹೆಸರು, ಊರು, ವರ್ಷಕ್ಕೆ ಬಳಸಿದ ಲೀಟರುಗಳ ಲೆಕ್ಕ ಎಲ್ಲವೂ ಕಂಪನಿಯ ಬಳಿಯಿರುತ್ತದೆ. ಹೆಚ್ಚು ಕೊಳ್ಳುವವರಿಗೆ ತರಬೇತಿ, ಟೀ ಶರ್ಟು, ವಿಮೆ, ಗಿರಾಕಿಗಳ ಪರಿಚಯ ದೊರೆಯುತ್ತವೆ, ಕಂಪನಿಯ ಪಟ್ಟಿಯಲ್ಲಿರುವ ಗುತ್ತಿಗೆದಾರನೆಂಬುದೇ ಪೇಟೆಯಲ್ಲಿ ಅರ್ಹತೆಯ ಮುದ್ರೆಯಾಗುತ್ತದೆ. ತರಬೇತಿ ಉಪಯುಕ್ತವಾದದ್ದೇ, ಸಂದೇಹವಿಲ್ಲ. ಆದರೂ ಕೆಲಸದ ಗುಣಕ್ಕಿಂತ ಖರೀದಿಯ ಪ್ರಮಾಣವನ್ನು ಮೆಚ್ಚುವ ಮುದ್ರೆಯು ಸಾರ್ವಜನಿಕ ಪ್ರಮಾಣಪತ್ರದ ಸ್ಥಾನವನ್ನು ತುಂಬಲಾರದು.

ಎಲ್ಲ ಪೇಂಟರುಗಳಿಗೂ ಪರೀಕ್ಷೆ, ಪರವಾನಗಿ ವಿಧಿಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಓದು ಕಡಿಮೆಯಿರುವ, ಬಂಡವಾಳವಿಲ್ಲದವರು ಕೈಚಳಕದ ಬಲದಿಂದಲೇ ಮಾಲೀಕರಾಗಬಹುದಾದ ಕೆಲವೇ ಕಸುಬುಗಳಲ್ಲಿ ಇದೂ ಒಂದಾಗಿರುವಾಗ, ಅಂಥ ಗೋಡೆ ಕಟ್ಟಿದರೆ ಲಾಭವಾಗುವುದು ಈಗಾಗಲೇ ಒಳಗಿರುವವರಿಗೆ ಮತ್ತು ಅರ್ಜಿ ತುಂಬಿಕೊಡುವ ಮಧ್ಯವರ್ತಿಗಳಿಗೆ. ಕೋಣೆಯೊಳಗಿನ ಗೋಡೆಯ ಬಣ್ಣ ಒಂದು ವರ್ಷಕ್ಕೇ ಸಿಪ್ಪೆಯೆದ್ದರೆ ಆಗುವ ನಷ್ಟ ಹಣದ್ದು, ಅದನ್ನು ಕರಾರು ಮತ್ತು ಗ್ರಾಹಕರ ಆಯೋಗ ನೋಡಿಕೊಳ್ಳಬಲ್ಲವು. ಹೊರಗೋಡೆಯ ಕೆಲಸದ ವಿಷಯ ಹಾಗಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರು ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಕಟ್ಟಡವೆಂದು ಗುರುತಿಸಿದೆ. ಆ ಸಿದ್ಧ ವ್ಯಾಖ್ಯೆಯನ್ನೇ ಬಳಸಿಕೊಂಡು, ಅಂಥ ಕಟ್ಟಡದ ಹೊರಗೋಡೆಯಲ್ಲಿ ಜೂಲಾ ಅಥವಾ ಸಾರುವೆ ಕಟ್ಟಿ ಕೆಲಸ ಮಾಡುವ ಪ್ರತಿಯೊಂದು ತಂಡಕ್ಕೂ, ಅದು ಇಬ್ಬರದೇ ಆಗಿರಲಿ, ಎತ್ತರದ ಕೆಲಸದ ತರಬೇತಿ ಪತ್ರ ಮತ್ತು ಚಾಲ್ತಿಯಲ್ಲಿರುವ ವಿಮೆ ಕಡ್ಡಾಯವೆಂದು ರಾಜ್ಯವು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಡಿಯ ತನ್ನ ನಿಯಮಗಳಲ್ಲಿ ಸೇರಿಸಲು ಅಡ್ಡಿಯೇನೂ ಕಾಣುವುದಿಲ್ಲ. ತರಬೇತಿ ಕೊಡಲು ಐಟಿಐಗಳಿವೆ, ವೆಚ್ಚಕ್ಕೆ ಸೆಸ್ಸಿನ ನಿಧಿಯಿದೆ, ಪತ್ರವನ್ನು ದಾಖಲಿಸಲು ಕಲ್ಯಾಣ ಮಂಡಳಿಯ ಕಾರ್ಡಿದೆ. ಹಗ್ಗ ಕಟ್ಟುವ ಮುಂಚೆ ಆ ಕಾರ್ಡನ್ನು ಕೇಳಿ ನೋಡುವ ಹೊಣೆಯನ್ನು ತಾರಸಿಯ ಬೀಗದ ಕೈ ಯಾರ ಬಳಿಯಿದೆಯೋ ಅವರಿಗೆ, ಅಂದರೆ ನಿವಾಸಿಗಳ ಸಂಘಕ್ಕೋ ಕಟ್ಟಡದ ಮಾಲೀಕನಿಗೋ, ಹೊರಿಸಬಹುದು.